ಬಿಳಿಯಾನೆಯ ಪಾದರಕ್ಷೆ

ಬದನೆಕಾಯಿ ಕೊಳ್ಳುವಾಗ ತೊಟ್ಟು ನೋಡಬೇಕು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ರೇಷ್ಮೆ ಸೀರೆಯ ಸೆರಗನ್ನು ಅಂಗಡಿಯ ದೀಪದಲ್ಲಲ್ಲ, ಬಾಗಿಲ ಬೆಳಕಿನಲ್ಲಿ ತಿರುಗಿಸಿ ನೋಡಬೇಕು, ಸ್ಟೀಲು ಪಾತ್ರೆಯ ತಳವನ್ನು ಬೆರಳ ಗೆಣ್ಣಿನಿಂದ ಬಡಿದು ಕೇಳಬೇಕು. ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಅಮ್ಮನ ಸೆರಗು ಹಿಡಿದು ಸಂತೆಗೆ ಹೋದದ್ದೇ ಪಾಠ. ಆದರೆ ಕಾರಿನ ಟಯರು ಆರಿಸುವುದು ಹೇಗೆ ಎಂದು ನನ್ನ ಅಮ್ಮನಾಗಲಿ ಅತ್ತೆಯಾಗಲಿ ಹೇಳಿಕೊಟ್ಟಿರಲಿಲ್ಲ. ಅವರ ಕಾಲದಲ್ಲಿ ಮನೆಯಲ್ಲಿದ್ದದ್ದು ಎತ್ತಿನ ಗಾಡಿ. ಅದರ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವ ದಿನ ಕುಲುಮೆಯ ಹತ್ತಿರ ಹೆಂಗಸರು ಸುಳಿಯುತ್ತಲೂ ಇರಲಿಲ್ಲ.

ನನಗೆ ಟಯರಿನ ವಿಚಾರ ತಲೆಗೆ ಗಂಟುಬಿದ್ದದ್ದು ಮಗನ ದೆಸೆಯಿಂದ. ಬೆಂಗಳೂರಿನಲ್ಲಿದ್ದಾಗ ಅವನು ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಬಿಳಿಯ ಬಿ.ಎಂ.ಡಬ್ಲ್ಯು. ಕಾರು ಕೊಂಡಿದ್ದ. ಕೆಲಸದ ಮೇಲೆ ಜರ್ಮನಿಗೆ ಹೊರಟಾಗ, ಕಾರು ಹುಟ್ಟಿದ ದೇಶಕ್ಕೆ ತಾನು ಹೋಗಿ, ಕಾರನ್ನು ಹಾಸನದ ನಮ್ಮ ಮನೆಯಂಗಳದಲ್ಲಿ ತಂದು ನಿಲ್ಲಿಸಿದ. “ಮಾರಿದರೆ ಮೂರು ಕಾಸಿಗೆ ಕೇಳ್ತಾರಮ್ಮ, ನೀನೇ ಓಡಿಸ್ತಾ ಇರು” ಎಂದ. ನಮ್ಮವರು ಅದನ್ನು ಮೊದಲ ದಿನವೇ ‘ಬಿಳಿಯಾನೆ’ ಎಂದು ಕರೆದರು. ಹೆಸರು ನಿಂತಿತು. ಈಗ ಬೀದಿಯ ಮಕ್ಕಳೂ ಹಾಗೇ ಕರೆಯುತ್ತವೆ.

ಓಡಿಸುವವಳು ನಾನೇ. ನಮ್ಮವರಿಗೆ ಹೃದಯಕ್ಕೆ ಸ್ಟೆಂಟು ಹಾಕಿಸಿದ ಮೇಲೆ ಅವರು ಸ್ಟಿಯರಿಂಗ್ ಮುಟ್ಟುವುದನ್ನು ಬಿಟ್ಟರು. ಡಾಕ್ಟರು ಬಿಡಿ ಎಂದಿರಲಿಲ್ಲ, ಇವರಾಗಿಯೇ ಬಿಟ್ಟರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ ನಲವತ್ತು ದಾಟಿದ ಮೇಲೆ ಮಾರುತಿ 800ರಲ್ಲಿ ಕಾರು ಕಲಿತವಳು ನಾನು. ಆ ಪುಟ್ಟ ಕಾರಿನ ಟಯರು ಸವೆದರೆ ಗ್ಯಾರೇಜಿನ ಹುಡುಗನಿಗೆ ಹೇಳಿದರೆ ಸಾಯಂಕಾಲಕ್ಕೆ ಹೊಸದು ಬಂದು ಕೂತಿರುತ್ತಿತ್ತು. ಯಾವುದು, ಎಲ್ಲಿಯದು ಎಂದು ಯಾರು ಕೇಳುತ್ತಿದ್ದರು?

ಹೋದ ವರ್ಷ ಮೇ ತಿಂಗಳಲ್ಲಿ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ಕು ಟಯರಿನ ಗೆರೆಯೊಳಗೆ ಬೆರಳಿಟ್ಟು, “ಮೇಡಂ, ಇದು ಮುಗೀತು” ಎಂದ. ಟಯರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ರಬ್ಬರು ಸವೆಯುತ್ತ ಆ ಉಬ್ಬಿನ ಮಟ್ಟಕ್ಕೆ ಬಂದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಕಾರಿಗೆ ಕಾನೂನು ಒಪ್ಪುವ ಕೊನೆಯ ಅಂಚು ಅದು. ಹೊಸ ಟಯರಿನಲ್ಲಿ ಆ ಆಳ 8 ಮಿಲಿಮೀಟರಿನ ಆಸುಪಾಸು ಇರುತ್ತದೆ. ನೋಡಲು ಹೊಳೆಯುತ್ತಿದ್ದ ಬಿಳಿಯಾನೆಯ ಪಾದ ಬೋಳಾಗಿತ್ತು.

ಬೇರೆ ಸಮಯವಾಗಿದ್ದರೆ ನೋಡೋಣ ಬಿಡು ಎನ್ನಬಹುದಿತ್ತು. ಆದರೆ ಮಗಳಿಗೆ ಏಳನೇ ತಿಂಗಳು ನಡೆಯುವುದರಲ್ಲಿತ್ತು. ಅವಳ ಗಂಡನ ಮನೆ ಘಾಟಿಯ ಕೆಳಗೆ, ಉಪ್ಪಿನಂಗಡಿಯ ಹತ್ತಿರ. ಚೊಚ್ಚಲ ಬಾಣಂತನ ತವರಿನಲ್ಲಿ. ಸೀಮಂತ ಮುಗಿಸಿ ಕರೆತರಬೇಕು. ಬೀಗಿತ್ತಿಯವರು “ಆಟಿಗೆ ಮೊದಲು ಕರ್ಕೊಂಡು ಹೋಗಿ” ಎಂದರು, ನಮ್ಮ ಕಡೆಯವರು “ಆಷಾಢಕ್ಕೆ ಮುಂಚೆ ಬರಲಿ” ಎಂದರು. ಎರಡೂ ಕಡೆಯ ಶಾಸ್ತ್ರ ಹೊಂದಿಸಿದಾಗ ಸಿಕ್ಕಿದ್ದು ಜೂನ್ ತಿಂಗಳ ಮೂರನೆಯ ವಾರ. ಎಂದರೆ ಶಿರಾಡಿ ಘಾಟಿಯಲ್ಲಿ ಮಳೆ ಹಿಡಿದು ಕೂರುವ ಹೊತ್ತು. ರೈಲಿದೆಯಲ್ಲ ಎನ್ನಬೇಡಿ. ಗುಡ್ಡ ಜರಿದರೆ ರೈಲೂ ನಿಲ್ಲುತ್ತದೆ, ಬಸ್ಸೂ ನಿಲ್ಲುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಮಣ್ಣು ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಕಾರಾದರೆ ಬೇಕಾದಲ್ಲಿ ನಿಲ್ಲಿಸಬಹುದು, ಬೇಡವೆನಿಸಿದರೆ ಹಿಂದಿರುಗಬಹುದು.

ನಾಲ್ಕು ಟಯರಿಗೆ ಎಷ್ಟಾಗುತ್ತದೆ ಎಂದು ಕೇಳಿ ಬಂದ ದಿನ ನಮ್ಮವರು ಕಾಫಿ ಲೋಟ ಕೆಳಗಿಟ್ಟು, “ಅಷ್ಟು ದುಡ್ಡಿನಲ್ಲಿ ನಮ್ಮ ಮದುವೆ ಆಗಿ, ನಿನ್ನ ತಂಗಿ ಮದುವೆಯೂ ಆಗಿ, ಒಂದು ಹಸು ಬರ್ತಿತ್ತು” ಎಂದರು. ತಮಾಷೆಯಾದರೂ ಸುಳ್ಳಲ್ಲ.

ದುಬಾರಿ ವಸ್ತು ಎಂದು ಗೊತ್ತಾದ ಕೂಡಲೇ ಸಲಹೆಗಳು ಪುಕ್ಕಟೆ ಬರತೊಡಗಿದವು. ಬೆಳಗಿನ ವಾಕಿಂಗಿನ ಗೆಳೆಯರಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಅರ್ಧ ಸವೆದ ಟಯರು ಅರ್ಧ ಬೆಲೆಗೆ ಸಿಗುತ್ತದೆ ಎಂದರು. ಇನ್ನೊಬ್ಬರು ಇನ್ನೂ ಅಗಲದ್ದು ಹಾಕಿಸಿ, ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ ಎಂದರು. ನನ್ನ ಮೈದುನನಂತೂ ಫೋನಿನಲ್ಲಿ, “ಅತ್ತಿಗೆ, ಅದು ಪರ್ಫಾರ್ಮೆನ್ಸ್ ಕಾರು. ಪರ್ಫಾರ್ಮೆನ್ಸ್ ಟಯರೇ ಹಾಕಬೇಕು. ಇಲ್ಲದಿದ್ದರೆ ಮಾನ ಹೋಗುತ್ತೆ” ಎಂದ. ಯಾರ ಮಾನ ಎಂದು ನಾನು ಕೇಳಲಿಲ್ಲ.

ನಾನು ನನ್ನ ಹಳೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಹಿಡಿದು ಅಂಗಳದಲ್ಲಿ ಚಕ್ರದ ಪಕ್ಕ ಮಣೆ ಹಾಕಿಕೊಂಡು ಕುಳಿತೆ. ಟಯರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಅದರ ಜಾತಕವೆಲ್ಲ ಇರುತ್ತದೆ. ಓದುವವರಿಲ್ಲ ಅಷ್ಟೆ. ನಮ್ಮದರಲ್ಲಿ 225/50 ಆರ್ 17 ಎಂದಿತ್ತು, ಮುಂದೆ 94 ಡಬ್ಲ್ಯು ಎಂದಿತ್ತು. ಮೊದಲನೆಯ 225 ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 50 ಮಿಲಿಮೀಟರಲ್ಲ, ಶೇಕಡ: ಅಗಲದ ಶೇಕಡ 50ರಷ್ಟು ಪಕ್ಕೆಯ ಎತ್ತರ. ಎಂದರೆ ಸುಮಾರು 112 ಮಿಲಿಮೀಟರು. ಆರ್ ಎಂದರೆ ರೇಡಿಯಲ್. ಕೊನೆಯ 17 ಒಳಗಿನ ಲೋಹದ ಚಕ್ರದ ಅಡ್ಡಳತೆ, ಅದು ಅಂಗುಲದಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಅಂಗುಲ ಮೂರೂ. ನಮ್ಮಜ್ಜಿ ಹುಳಿಪುಡಿಗೆ ಧನಿಯ ಸೇರಿನಲ್ಲಿ, ಮೆಣಸಿನಕಾಯಿ ಹಿಡಿಯಲ್ಲಿ, ಮೆಂತ್ಯ ಚಮಚದಲ್ಲಿ ಹೇಳುತ್ತಿದ್ದರಲ್ಲ, ಹಾಗೆ. ಆದರೂ ಹುಳಿಪುಡಿ ಕೆಡುತ್ತಿರಲಿಲ್ಲ.

94 ಎನ್ನುವುದು ಹೊರೆಯ ಸಂಖ್ಯೆ. ಆ ಪಟ್ಟಿಯಲ್ಲಿ 94ಕ್ಕೆ ಒಂದು ಟಯರಿಗೆ 670 ಕಿಲೋ. ಡಬ್ಲ್ಯು ಎನ್ನುವುದು ವೇಗದ ಅಕ್ಷರ: ಗಂಟೆಗೆ 270 ಕಿಲೋಮೀಟರಿನವರೆಗೆ ತಾಳುತ್ತದೆ. ಎಚ್ ಆದರೆ 210, ವಿ ಆದರೆ 240, ವೈ ಆದರೆ 300. ಇದನ್ನು ಕೇಳಿ ನಮ್ಮವರು ನಕ್ಕರು. “ನೀನು ಐವತ್ತು ದಾಟಿದರೆ ನಾನು ದೇವರ ಹೆಸರು ಹೇಳ್ತೀನಿ, 270 ಯಾಕೆ?” ಎಂದರು. ಅದು ಸರಿಯಾದ ಪ್ರಶ್ನೆಯೇ. ಆದರೆ ವೇಗದ ಅಕ್ಷರ ಬರೀ ವೇಗವನ್ನು ಹೇಳುವುದಿಲ್ಲ. ಓಡುವಾಗ ಟಯರು ಬಿಸಿಯಾಗುತ್ತದೆ, ಆ ಬಿಸಿಯನ್ನು ತಾಳುವ ಕಟ್ಟುಮಸ್ತು ಒಳಗೆ ಎಷ್ಟಿದೆ ಎನ್ನುವುದನ್ನೂ ಅದು ಹೇಳುತ್ತದೆ. ಕಾರು ಮಾಡಿದವರು ಹೇಳಿದ ಅಕ್ಷರಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದಕ್ಕೆ ಅದೇ ಕಾರಣ. ಯಾವ ಕಾರಿಗೆ ಯಾವ ಅಳತೆ, ಎಷ್ಟು ಗಾಳಿ ಎನ್ನುವುದು ಚಾಲಕನ ಬಾಗಿಲು ತೆಗೆದರೆ ಅಂಚಿನಲ್ಲಿ ಒಂದು ಚೀಟಿಯ ಮೇಲೆ ಅಂಟಿಸಿರುತ್ತಾರೆ. ನಿಮ್ಮ ಮನೆಯ ಕಾರು ಯಾವುದೇ ಇರಲಿ, ನಾಳೆ ಬೆಳಿಗ್ಗೆ ಒಮ್ಮೆ ನೋಡಿ.

ಇನ್ನೂ ಒಂದು ಲೆಕ್ಕ ಮಾಡಿದೆ. ನಾಲ್ವರು ಕುಳಿತರೆ ಕಾರು ಸುಮಾರು 1600 ಕಿಲೋ, ಚಕ್ರಕ್ಕೆ 400. ಟಯರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.2 ಕಿಲೋ. 400ನ್ನು 2.2ರಿಂದ ಭಾಗಿಸಿದರೆ 180 ಚದರ ಸೆಂಟಿಮೀಟರು ಚಿಲ್ಲರೆ. ಆ ಅಳತೆಯ ಚೌಕವನ್ನು ನೋಟ್‌ಬುಕ್ಕಿನ ಹಾಳೆಯ ಮೇಲೆ ಗೀಚಿ ಅದರ ಮೇಲೆ ಕೈಯಿಟ್ಟೆ. ನನ್ನ ಅಂಗೈ, ಬೆರಳು ಸೇರಿ ಹೆಚ್ಚುಕಡಿಮೆ ಅಷ್ಟೇ. ಅಷ್ಟು ದೊಡ್ಡ ಕಾರು, ಅದರೊಳಗೆ ಕುಳಿತ ಬಸುರಿ, ಎಲ್ಲವೂ ನೆಲಕ್ಕೆ ತಾಗಿಕೊಂಡಿರುವುದು ನಾಲ್ಕು ಅಂಗೈಯಗಲದಲ್ಲಿ. ಬ್ರೇಕು ಒತ್ತಿದಾಗ ಚಕ್ರ ನಿಲ್ಲುತ್ತದೆ ನಿಜ, ಆದರೆ ಕಾರನ್ನು ನಿಲ್ಲಿಸುವುದು ಆ ನಾಲ್ಕು ಅಂಗೈ. ಇದು ಗೊತ್ತಾದ ಮೇಲೆ ಹಸುವಿನ ಲೆಕ್ಕ ನನ್ನ ಮನಸ್ಸಿನಿಂದ ಹೊರಟುಹೋಯಿತು.

ಅಂಗಡಿಗೆ ಇಬ್ಬರೂ ಹೋದೆವು. ಮಾಲೀಕರು ಎದ್ದುನಿಂತು ನಮ್ಮವರಿಗೆ ಕುರ್ಚಿ ತೋರಿಸಿ, “ಸಾರ್, ಯಾವ ಬ್ರಾಂಡ್ ನೋಡ್ತೀರಿ?” ಎಂದರು. ಇವರು ನನ್ನತ್ತ ಕೈ ತೋರಿಸಿ “ಅವರನ್ನ ಕೇಳಿ” ಎಂದರು. ಮಾಲೀಕರು ನಕ್ಕು, “ಟಯರಿನಲ್ಲಿ ಬಣ್ಣ ಆರಿಸೋ ಕಷ್ಟ ಇಲ್ಲ ಮೇಡಂ, ಎಲ್ಲಾ ಕಪ್ಪೇ” ಎಂದರು. ಹೀಗೆ ಹೇಳಿ ಮತ್ತೆ ಇವರ ಕಡೆ ತಿರುಗಿ ಗ್ರಿಪ್ಪು, ಕಾರ್ನರಿಂಗು ಎಂದು ವಿವರಿಸತೊಡಗಿದರು. ಇವರು ತಲೆಯಾಡಿಸುತ್ತ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ನೋಡುತ್ತಿದ್ದರು. ನಾನು ನೋಟ್‌ಬುಕ್ಕು ಬಿಚ್ಚಿ, “94 ಡಬ್ಲ್ಯು, ರನ್‌ಫ್ಲಾಟಿನಲ್ಲಿ ಎಷ್ಟು, ಸಾದಾದಲ್ಲಿ ಎಷ್ಟು, ಯಾವ ವಾರ ತಯಾರಾದದ್ದು ಇದೆ?” ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಒಳಗಿನ ಹುಡುಗನಿಗೆ “ಮೇಡಂಗೆ ಕಾಫಿ ತಗೊಂಬಾರೋ” ಎಂದರು. ಅಲ್ಲಿಂದ ಮುಂದೆ ಮಾತು ನನ್ನ ಜೊತೆ ನಡೆಯಿತು. ಒಳ್ಳೆಯ ಮನುಷ್ಯರು, ಅಭ್ಯಾಸ ಇರಲಿಲ್ಲ ಅಷ್ಟೆ.

ಅಂದು ರಾತ್ರಿ ಮಗನಿಗೆ ಇದನ್ನು ಹೇಳಿದೆ. ಅವನು ಜರ್ಮನಿಯ ಒಂದು ಕಥೆ ಹೇಳಿದ. ಕಥೆಯಲ್ಲ, ನಡೆದದ್ದು. ಕಾರ್ಲ್ ಬೆಂಜ್ ಎಂಬವರು ಪೆಟ್ರೋಲಿನ ಕಾರು ಮಾಡಿದರೂ ಜನ ಅದನ್ನು ನಂಬಿರಲಿಲ್ಲ. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರಕ್ಕೂ ಹೆಚ್ಚು ಕಿಲೋಮೀಟರು ಆ ಗಾಡಿ ಓಡಿಸಿದರು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡರು, ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಬಿಡಿಸಿದರು, ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದರು. ಹೋದದ್ದು ಎಲ್ಲಿಗೆ ಅಂತೀರಿ? ತವರಿಗೆ. ಆ ಗಾಡಿಗೆ ಗಾಳಿ ತುಂಬಿದ ಟಯರು ಇರಲಿಲ್ಲ. ಅದೇ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್ಲಪ್ ಎಂಬ ದನದ ಡಾಕ್ಟರು ತಮ್ಮ ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸಲು ಅಂಥದನ್ನು ಮಾಡಿ ಪೇಟೆಂಟು ಪಡೆದರು. ಬರ್ತಾ ಅವರ ಬೆನ್ನು ಏನಾಗಿರಬೇಡ!

ಈಗ ಪರ್ಫಾರ್ಮೆನ್ಸ್ ಟಯರಿನ ವಿಚಾರ. ಹೆಸರು ಕೇಳಿ ರೇಸಿನವರದು ಎಂದುಕೊಳ್ಳುತ್ತೇವೆ. ಅದರ ಗುಣವೇನೆಂದರೆ, ರಬ್ಬರು ಕೊಂಚ ಮೆದು, ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಪಕ್ಕೆ ಗಡುಸು, ತಿರುವಿನಲ್ಲಿ ಬಾಗುವುದಿಲ್ಲ. ಉದ್ದುದ್ದಕ್ಕೆ ಅಗಲವಾದ ಗೆರೆಗಳಿರುತ್ತವೆ. ದೋಷವೇನೆಂದರೆ ಮೆದುವಾದದ್ದು ಬೇಗ ಸವೆಯುತ್ತದೆ, ಗಡುಸಾದದ್ದು ಹಳ್ಳದಲ್ಲಿ ಕುಕ್ಕುತ್ತದೆ, ಬೆಲೆಯೂ ಜಾಸ್ತಿ. ಇನ್ನೊಂದು ಜಾತಿ ಟೂರಿಂಗ್ ಟಯರು. ಸದ್ದು ಕಡಿಮೆ, ಬಾಳಿಕೆ ಹೆಚ್ಚು, ತಿರುವಿನಲ್ಲಿ ಸ್ವಲ್ಪ ಸಡಿಲ. ಪಕ್ಕೆಯ ಮೇಲೆ ‘ಟ್ರೆಡ್‌ವೇರ್’ ಎಂದು ಒಂದು ಅಂಕಿ ಇರುತ್ತದೆ. ಅದು ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು ಎಂದು ತಯಾರಕರ ಲೆಕ್ಕ. ವೇಗದ ಟಯರುಗಳಲ್ಲಿ ಸಾಮಾನ್ಯವಾಗಿ 300ರ ಆಸುಪಾಸು, ಟೂರಿಂಗಿನಲ್ಲಿ 400ರ ಮೇಲೆ. ಅದರ ಪಕ್ಕದಲ್ಲಿ ‘ಟ್ರ್ಯಾಕ್ಷನ್’ ಎಂದು ಒಂದು ಅಕ್ಷರ: ಒದ್ದೆ ನೆಲದಲ್ಲಿ ಹಿಡಿದು ನಿಲ್ಲುವ ಗುಣ. ಎ-ಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ.

ಎಲ್ಲರೂ ಮೊದಲಿನ ಅಂಕಿ ನೋಡುತ್ತಾರೆ, ನನ್ನ ಕಣ್ಣು ಎರಡನೆಯ ಅಕ್ಷರದ ಮೇಲೆ ಬಿತ್ತು. ಜಾಹೀರಾತಿನಲ್ಲಿ ವೇಗದ ಟಯರು ಎಂದು ಮಾರುತ್ತಾರಲ್ಲ, ನನ್ನಂಥವಳಿಗೆ ಬೇಕಾದ್ದು ಅದರ ಇನ್ನೊಂದು ಗುಣ. ಅದು ಬೇಗ ನಿಲ್ಲುವ ಟಯರು. ಮಳೆಯಲ್ಲಿ, ಇಳಿಜಾರಿನಲ್ಲಿ, ತಿರುವಿನಾಚೆ ಕೆಟ್ಟು ನಿಂತ ಲಾರಿ ಕಂಡಾಗ ನಾಲ್ಕು ಮಾರು ಮುಂಚೆ ನಿಂತರೆ ಸಾಕು, ಅದೇ ನನ್ನ ಪರ್ಫಾರ್ಮೆನ್ಸು. ಮೈದುನನ ಮಾನಕ್ಕೂ ನನ್ನ ಪ್ರಾಣಕ್ಕೂ ಒಂದೇ ಟಯರು ಒದಗಿ ಬಂದದ್ದು ಕಾಕತಾಳೀಯ.

ಗೆರೆಗಳ ಕೆಲಸವನ್ನು ಅಡಿಕೆ ತೋಟ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ತೋಟದಲ್ಲಿ ಬಸಿಗಾಲುವೆ ಇರುತ್ತದಲ್ಲ, ಅದೇ. ಚಕ್ರದ ಕೆಳಗೆ ಬಂದ ನೀರು ಆ ಕಾಲುವೆಯಲ್ಲಿ ಹರಿದು ಹೊರಗೆ ಹೋಗಬೇಕು. ಕಾಲುವೆ ಹೂತಿದ್ದರೆ ನೀರು ಹೋಗದೆ ಟಯರು ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗದು. ವೇಗ ಹೆಚ್ಚಿದಷ್ಟೂ, ಗಾಳಿ ಕಡಿಮೆಯಾದಷ್ಟೂ ಈ ಅಪಾಯ ಹೆಚ್ಚು. ಟಯರು ಅಗಲವಾದಷ್ಟೂ ತೇಲುವುದು ಸುಲಭ. ಆದ್ದರಿಂದ ‘ಅಗಲದ್ದು ಹಾಕಿಸಿ’ ಎಂದ ಮಹನೀಯರ ಸಲಹೆಯನ್ನು ಅಲ್ಲಿಗೇ ಬಿಟ್ಟೆ. ಅರ್ಧ ಸವೆದದ್ದರ ಸಲಹೆಯೂ ಇದೇ ಕಾಲುವೆಯಲ್ಲಿ ಕೊಚ್ಚಿಹೋಯಿತು. ಕಾನೂನಿನ 1.6 ಮಿಲಿಮೀಟರು ಏನೇ ಇರಲಿ, ಮಲೆನಾಡಿನ ಮಳೆಗೆ 3 ಮಿಲಿಮೀಟರಿಗೇ ಬದಲಿಸುವುದು ಲೇಸು ಎನ್ನುವುದು ಈಗ ನನ್ನ ಪಕ್ಷ.

ಒಂದು ವಿನೋದ ಹೇಳಿಬಿಡುತ್ತೇನೆ. ಈ ಟಯರುಗಳಿಗೆ ‘ಸಮ್ಮರ್ ಟಯರು’ ಎಂದು ಹೆಸರು. ಮಳೆಗಾಲಕ್ಕೆ ಬೇಸಿಗೆ ಟಯರು ಕೊಳ್ಳುವುದೇ ಎಂದು ನಮ್ಮವರು ಗಾಬರಿಯಾದರು. ಯುರೋಪಿನಲ್ಲಿ ಹಿಮ ಬೀಳುವ ಕಾಲಕ್ಕೆ ಬೇರೆ ಟಯರು ಹಾಕುತ್ತಾರೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೇಸಿಗೆಯ ರಬ್ಬರು ಗಡುಸಾಗಿ ಹಿಡಿತ ತಪ್ಪುತ್ತದೆ. ಅದಕ್ಕಿಂತ ಮೇಲಿನದೆಲ್ಲ ಅವರ ಲೆಕ್ಕದಲ್ಲಿ ಬೇಸಿಗೆಯೇ, ನಮ್ಮ ಆಷಾಢದ ಜಡಿಮಳೆಯೂ ಬೇಸಿಗೆಯೇ. ಹಾಸನದ ಚಳಿಗೆ ಕಿವಿ ಮುಚ್ಚುವ ಉಣ್ಣೆ ಟೋಪಿ ಸಾಕು, ಟಯರು ಬದಲಿಸಬೇಕಾಗಿಲ್ಲ.

ನಿಜವಾದ ಕಗ್ಗಂಟು ಬೇರೆ ಕಡೆ ಇತ್ತು. ನಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಡಿಕ್ಕಿ ತೆಗೆದು ಚಾಪೆ ಎತ್ತಿ ನೋಡಿದರೂ ಇಲ್ಲ. ಸ್ಟೆಪ್ನಿ ಎನ್ನುವ ಮಾತು ಬಂದದ್ದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಅಲ್ಲಿ 1904ರಲ್ಲಿ ಡೇವಿಸ್ ಸೋದರರು ಈ ಹೆಚ್ಚುವರಿ ಚಕ್ರವನ್ನು ಮಾಡಿದರು. ಆ ಬೀದಿಯ ಹೆಸರು ನಮ್ಮೂರಿನ ಪಂಕ್ಚರ್ ಅಂಗಡಿಯ ಹುಡುಗನ ಬಾಯಲ್ಲಿ ಇವತ್ತಿಗೂ ಇದೆ. ನಮ್ಮ ಕಾರು ಮಾಡಿದವರು ಸ್ಟೆಪ್ನಿಯ ಬದಲು ರನ್‌ಫ್ಲಾಟ್ ಎಂಬ ಟಯರು ಹಾಕಿ ಕಳಿಸಿದ್ದರು. ಅದರ ಪಕ್ಕೆಯನ್ನು ಎಷ್ಟು ದಪ್ಪಗೆ ಕಟ್ಟಿರುತ್ತಾರೆ ಎಂದರೆ, ಗಾಳಿ ಪೂರಾ ಹೋದರೂ ಕಾರು ಕುಸಿಯುವುದಿಲ್ಲ. ಗಂಟೆಗೆ 80 ಕಿಲೋಮೀಟರು ಮೀರದೆ ಸುಮಾರು 80 ಕಿಲೋಮೀಟರು ದೂರ ಓಡಿಸಬಹುದು. ಗಾಳಿ ಹೋದದ್ದು ಕಣ್ಣಿಗೆ ಗೊತ್ತಾಗದ ಕಾರಣ ಒಳಗೆ ಎಚ್ಚರಿಸುವ ದೀಪ ಇರಲೇಬೇಕು, ಇದೆ. ಆದರೆ ಅದು ಭಾರ, ದುಬಾರಿ, ಗಾಳಿಯಿಲ್ಲದೆ ಓಡಿಸಿದ ಮೇಲೆ ರಿಪೇರಿಗೆ ಸಾಮಾನ್ಯವಾಗಿ ಒದಗುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಗಡುಸು. ಹಳ್ಳಕ್ಕೆ ಬಿದ್ದರೆ ಬೆನ್ನುಮೂಳೆಗೆ ಸುದ್ದಿ ಮುಟ್ಟುತ್ತದೆ.

ಬಸುರಿ ಹೆಂಗಸನ್ನು ಕೂರಿಸಿಕೊಂಡು ಬರಬೇಕು. ಮೆತ್ತನೆಯ ಸಾದಾ ಟಯರು ಹಾಕಿಸಿದರೆ ಅವಳಿಗೆ ಸುಖ. ಆದರೆ ಘಾಟಿಯಲ್ಲಿ ಪಂಕ್ಚರಾದರೆ? ಡಿಕ್ಕಿಯಲ್ಲಿ ಒಂದು ಬಿಡಿ ಚಕ್ರ ಇಟ್ಟುಕೊಳ್ಳಬಹುದು. ಇಟ್ಟರೆ ಅವಳ ಪೆಟ್ಟಿಗೆ ಹಿಡಿಯುವುದಿಲ್ಲ ಎನ್ನುವುದು ಹಾಗಿರಲಿ, ಸುರಿಯುವ ಮಳೆಯಲ್ಲಿ, ಇಳಿಜಾರಿನ ರಸ್ತೆಯಂಚಿನಲ್ಲಿ, ಲಾರಿಗಳು ಸೋಕಿಕೊಂಡು ಹೋಗುವಾಗ ಜಾಕು ಕೊಡುವವರು ಯಾರು? ಸ್ಟೆಂಟು ಹಾಕಿಸಿಕೊಂಡ ಗಂಡನೋ, ಅರವತ್ತರ ಹತ್ತಿರದ ನಾನೋ? ಅಂಗಡಿಯವರು ಮೆತ್ತನೆಯದನ್ನೇ ಹಾಕಿಸಿ ಎಂದರು. ಮಗ ರನ್‌ಫ್ಲಾಟ್ ಬಿಡಬೇಡ ಎಂದ. ಎರಡು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗಂಡಸರು ಟಯರಿಗೆ ನಿದ್ದೆ ಕೆಡುತ್ತಾರೋ ಇಲ್ಲವೋ ನನಗೆ ತಿಳಿಯದು.

ಕೊನೆಗೆ ಕೇಳಬೇಕಾದವಳನ್ನೇ ಕೇಳಿದೆ. ಮಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಕುಲುಕಿದರೆ ನಿಧಾನಕ್ಕೆ ಓಡಿಸು ಅಂತೀನಿ. ಕತ್ತಲೆಯಲ್ಲಿ ನಿಂತುಹೋದರೆ ಯಾರಿಗೆ ಏನು ಹೇಳಲಿ?” ಎಂದಳು.

ಅಲ್ಲಿಗೆ ತೀರ್ಮಾನವಾಯಿತು. ದಾರಿಯ ಲೆಕ್ಕವೂ ಅದಕ್ಕೆ ಹೊಂದಿತು. ಘಾಟಿಯ ಯಾವ ತಿರುವಿನಲ್ಲಿ ಗಾಳಿ ಹೋದರೂ ಆ 80 ಕಿಲೋಮೀಟರಿನೊಳಗೆ ಮೇಲೆ ಸಕಲೇಶಪುರ, ಕೆಳಗೆ ಉಪ್ಪಿನಂಗಡಿ, ಎರಡರಲ್ಲೊಂದು ಸಿಗುತ್ತದೆ. ದೀಪವಿರುವ ಊರು, ಮನುಷ್ಯರಿರುವ ಊರು.

ಬ್ರಾಂಡಿನ ವಿಚಾರಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮಿಶೆಲಿನ್, ಬ್ರಿಜ್‌ಸ್ಟೋನ್, ಪಿರೆಲ್ಲಿ ಮುಂತಾಗಿ ದೊಡ್ಡ ಮನೆತನಗಳೇ ನಾಲ್ಕಾರು ಇವೆ. ಅಂದಹಾಗೆ, ದೊಡ್ಡ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಪುಸ್ತಕ ಇದೆಯಲ್ಲ, ಅದು ಈ ಟಯರಿನವರದ್ದೇ. 1900ರಲ್ಲಿ ಫ್ರಾನ್ಸಿನಲ್ಲಿ, ಜನ ಹೆಚ್ಚು ಹೆಚ್ಚು ಕಾರು ಓಡಿಸಲಿ, ಟಯರು ಸವೆಯಲಿ ಎಂದು ದಾರಿ, ವಸತಿಗಳ ವಿವರ ಬರೆದು ಪುಕ್ಕಟೆ ಹಂಚಿದರು. ಊಟ ತೋರಿಸಿ ಚಪ್ಪಲಿ ಮಾರಿದ ಜಾಣರು! ನಮ್ಮ ಕಾರಿನ ಕಂಪನಿ ಪರೀಕ್ಷಿಸಿ ಒಪ್ಪಿದ ಟಯರಿನ ಪಕ್ಕೆಯ ಮೇಲೆ ಒಂದು ಪುಟ್ಟ ನಕ್ಷತ್ರ ಇರುತ್ತದೆ. ಮರ್ಸಿಡಿಸ್‌ಗಾದರೆ ‘ಎಂ.ಒ.’ ಎಂಬ ಅಕ್ಷರ. ನಕ್ಷತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಪಚಾರವಿಲ್ಲ. ಆದರೆ ನಾಲ್ಕೂ ಒಂದೇ ಜಾತಿಯದಿರಬೇಕು. ಎರಡು ರನ್‌ಫ್ಲಾಟು ಎರಡು ಸಾದಾ ಎಂದು ಬೆರಸುವುದು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಹಾಕಿದಂತೆ.

ನನ್ನ ಹಟವೆಲ್ಲ ತಯಾರಾದ ದಿನದ ಮೇಲೆ. ಪಕ್ಕೆಯ ಮೇಲೆ ಡಿ.ಒ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3217 ಎಂದರೆ 2017ರ 32ನೆಯ ವಾರ. ನಮ್ಮ ಹಳೆಯ ಟಯರಿನದು ಅದೇ. ರಬ್ಬರು ಓಡದೆ ಸುಮ್ಮನೆ ಬಿದ್ದಿದ್ದರೂ ಮುಪ್ಪಾಗುತ್ತದೆ, ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಹೊಸ ಟಯರುಗಳ ಆಮದಿಗೆ ಪರವಾನಗಿ ಬೇಕೆಂದು ನಿರ್ಬಂಧ ಹಾಕಿದ ಮೇಲೆ ಇಂಥ ಕೆಲವು ಅಳತೆಗಳು ಸುಲಭವಾಗಿ ಸಿಗದಂತಾದವು, ಉಗ್ರಾಣದಲ್ಲಿ ಉಳಿದ ಹಳೆಯದಕ್ಕೂ ಬೆಲೆ ಬಂತು ಎಂದು ಅಂಗಡಿಯವರೇ ಹೇಳಿದರು. ಮೊದಲು ತರಿಸಿದ ಜೋಡಿ ಮೂರು ವರ್ಷ ಹಳೆಯದಾಗಿತ್ತು. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿ ವಾಪಸು ಕೊಡುವವಳು ಇದನ್ನು ಬಿಟ್ಟೇನೆಯೆ? ಮತ್ತೆ ಬೆಂಗಳೂರಿನಿಂದ ಬೇರೆ ಬಂತು, ನಾಲ್ಕೂ ಅದೇ ವರ್ಷದ್ದು.

ಹಾಕಿದ ಮೇಲೆ ಚಕ್ರದ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಆಯಿತು. ಹೊಸ ಗಾಳಿಯೊತ್ತಡದ ಲೆಕ್ಕವನ್ನು ಕಾರಿನ ಪರದೆಯಲ್ಲಿ ಹೊಂದಿಸಿದ್ದಾಯಿತು. ಹುಡುಗ ನೈಟ್ರೋಜನ್ ತುಂಬಲೇ ಎಂದ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ನಪ್ಪ, ಅದೇ ಸಾಕು ಎಂದೆ. ಹಳೆಯ ಟಯರೊಂದನ್ನು ಮನೆಗೆ ಒಯ್ದು ಕರಿಬೇವಿಗೆ ಪಾತಿ ಮಾಡೋಣ ಎಂದು ನಮ್ಮವರಿಗೆ ಆಸೆ. ಅದರೊಳಗೆ ಮಳೆನೀರು ನಿಂತರೆ ಡೆಂಗ್ಯೂ ಸೊಳ್ಳೆಗೆ ಬಾಣಂತನ ಮಾಡಿದಂತಾಗುತ್ತದೆ, ಮನೆಗೆ ಎಳೆಗೂಸು ಬರುತ್ತಿದೆ, ಬೇಡ ಎಂದೆ. ಅಲ್ಲೇ ಬಿಟ್ಟು ಬಂದೆವು.

ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಮೊದಲ 300 ಕಿಲೋಮೀಟರು ಹುಷಾರಾಗಿ ಓಡಿಸಿ ಪಳಗಿಸಬೇಕು. ಅದಕ್ಕೆ ಮುಂಚೆ ಒದ್ದೆ ಘಾಟಿಗೆ ಒಯ್ಯುವುದು ಬೇಡವೆಂದು ಒಂದು ದಿನ ಬೇಲೂರು ಹಳೇಬೀಡು, ಒಂದು ದಿನ ಶ್ರವಣಬೆಳಗೊಳ, ಇನ್ನೊಂದು ದಿನ ಅರಸೀಕೆರೆ ಸುತ್ತಿಬಂದೆವು. 2023ರಲ್ಲಿ ಯುನೆಸ್ಕೋದವರು ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ಪತ್ರಿಕೆಯಲ್ಲಿ ಓದಿ ‘ಒಮ್ಮೆ ಹೋಗಬೇಕು’ ಎಂದುಕೊಂಡೇ ಇದ್ದೆವು. ಪಕ್ಕದೂರಿನವರು ಹಾಗೇ ಅಲ್ಲವೇ? ಟಯರಿನ ಪುಣ್ಯದಿಂದ ದರ್ಪಣಸುಂದರಿಯನ್ನು ಹತ್ತಾರು ವರ್ಷದ ಮೇಲೆ ಮತ್ತೆ ನೋಡಿದೆ.

ಇಳಿಯುವ ದಿನ ದೋಣಿಗಾಲ್ ದಾಟುತ್ತಿದ್ದಂತೆ ಮಳೆ ಬಂತು. ವೈಪರು ಒರೆಸಿದಷ್ಟೂ ನೀರು. ಮುಂದಿನ ಟ್ಯಾಂಕರು ಎರಡು ಸಲ ಫಕ್ಕನೆ ನಿಂತಿತು, ಎರಡು ಸಲವೂ ಬಿಳಿಯಾನೆ ಕಾಲೂರಿ ನಿಂತಿತು, ಪಕ್ಕಕ್ಕೆ ಜಾರಲಿಲ್ಲ. ನಮ್ಮವರು ದೇವರ ಹೆಸರು ಹೇಳುತ್ತಲೇ ಇದ್ದರು, ಕಾರು ಮೂವತ್ತರಲ್ಲಿದ್ದರೂ. ಬೀಗರ ಮನೆಯಂಗಳಕ್ಕೆ ಬಂದಾಗ ಬೀಗರು ಛತ್ರಿ ಹಿಡಿದು ಬಂದವರು ಮೊದಲು ಚಕ್ರ ನೋಡಿದರು. “ಟಯರು ಹೊಸತಾ? ಒಳ್ಳೆದಾಯ್ತು. ಈ ಮಳೆಗೆ ಹಳತರಲ್ಲಿ ಬರ್ಲಿಕ್ಕೆ ಸಾಧ್ಯವೇ ಇಲ್ಲ” ಎಂದರು. ಅವರಿಗೆ ಅಡಿಕೆಯ ಜೊತೆ ನಾಲ್ಕು ಎಕರೆ ರಬ್ಬರು ತೋಟವುಂಟು. ಮನೆಯ ಹಿಂದೆ ಪ್ರತಿ ಮರಕ್ಕೂ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿ, ಅದರ ಕೆಳಗೆ ಹಾಲು ಇಳಿಸುತ್ತಿದ್ದರು. ಚಿಪ್ಪಿನಲ್ಲಿ ತೊಟ್ಟು ತೊಟ್ಟಾಗಿ ಬೀಳುವ ಬಿಳಿ ಹಾಲನ್ನು ಬೀಗಿತ್ತಿ ನನಗೆ ತೋರಿಸಿ, “ನಿಮ್ಮ ಕಾರಿನ ಚಕ್ರದಲ್ಲಿ ನಮ್ಮದೂ ಸ್ವಲ್ಪ ಇರ್ಬಹುದು ನೋಡಿ” ಎಂದು ನಕ್ಕರು.

ಮರುದಿನ ಹೊರಟೆವು. ಗುಂಡ್ಯದವರೆಗೆ ರಸ್ತೆ ಕೆಲವೆಡೆ ಕಿತ್ತುಹೋಗಿತ್ತು. ಗಡುಸು ಗಡುಸೇ, ಅದರಲ್ಲಿ ಸಂದೇಹವಿಲ್ಲ. ಎರಡು ಕಡೆ ಮಗಳು ಹೊಟ್ಟೆಗೆ ಕೈ ಒತ್ತಿಕೊಂಡು “ಅಮ್ಮಾ” ಎಂದಳು, ನಾನು ಎತ್ತಿನ ಗಾಡಿಯ ನಡಿಗೆಗೆ ಇಳಿಸಿದೆ. ಹಿಂದಿನವರು ಹಾರ್ನು ಹೊಡೆದುಕೊಳ್ಳಲಿ. ಗುಂಡ್ಯ ದಾಟಿ ಘಾಟಿಯ ಕಾಂಕ್ರೀಟು ಸಿಕ್ಕಿದ ಮೇಲೆ ಅವಳು ದಿಂಬಿಗೊರಗಿ ಕಣ್ಣು ಮುಚ್ಚಿದಳು. ಮಾರನಹಳ್ಳಿ ದಾಟಿ ಸಕಲೇಶಪುರದ ಹೇಮಾವತಿ ಸೇತುವೆಯ ಹತ್ತಿರ ಬಂದಾಗ ಎಚ್ಚರವಾಗಿ, ಕಿಟಕಿಯ ಹಬೆ ಒರೆಸಿ, “ಘಾಟಿ ಬಂತಾ ಅಮ್ಮ?” ಎಂದು ಕೇಳಿದಳು.

“ಆಗಲೇ ಹೋಯಿತು” ಎಂದರು ಅವಳಪ್ಪ, ಎಲ್ಲವನ್ನೂ ತಾವೇ ಓಡಿಸಿದವರ ಹಾಗೆ. “ಕಾಫಿ ಕುಡಿಯೋಣ, ನಿಲ್ಲಿಸೇ.”